ಅಕ್ಷರ ಚೆನ್ನಾಗಿಲ್ಲದ ಮಗು ಸೋಮಾರಿಯೇ? ಥೆರಪಿಸ್ಟ್ ಮತ್ತು ಶಿಕ್ಷಕರು ಕೈಜೋಡಿಸಿದರೆ ಏನಾಗುತ್ತದೆ?

"ಅಕ್ಷರ ವಕ್ರವಾಗಿದ್ದರೆ ಮಗುವಿಗೆ ಶ್ರದ್ಧೆ ಇಲ್ಲ ಎಂದರ್ಥ. ಎರಡು ಪೆಟ್ಟು ಕೊಟ್ಟು ದಿನಾ ಹತ್ತು ಪುಟ ಬರೆಸಿ, ತಾನೇ ಸರಿಹೋಗುತ್ತೆ." ಈ ಧಾಟಿಯ ಸಂದೇಶಗಳು ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಇದಕ್ಕೆ ಎದುರು ದಿಕ್ಕಿನವೂ ಇವೆ: "ನಮ್ಮ ಸೆಂಟರ್‌ಗೆ ಕರೆತನ್ನಿ, 30 ದಿನಗಳಲ್ಲಿ ಗ್ಯಾರಂಟಿ." ಮೊದಲನೆಯದು ಮಗುವನ್ನು ದೂರುತ್ತದೆ, ಎರಡನೆಯದು ಪಾಲಕರ ಜೇಬಿಗೆ ಕೈಹಾಕುತ್ತದೆ. ವಿಜ್ಞಾನ ಎರಡನ್ನೂ ಒಪ್ಪುವುದಿಲ್ಲ.

ಚುಟುಕಾಗಿ ಹೇಳುವುದಾದರೆ:

• ಬರೆಯಲು, ಕೂರಲು, ಗುಂಡಿ ಹಾಕಿಕೊಳ್ಳಲು ಕಷ್ಟಪಡುವ ಎಲ್ಲ ಮಕ್ಕಳೂ ಸೋಮಾರಿಗಳಲ್ಲ. ಕೆಲವರಿಗೆ ನಿಜವಾದ ತೊಂದರೆ ಇರುತ್ತದೆ.
• ಇಂಥ ತೊಂದರೆಗೆ ಸಹಾಯ ಮಾಡುವ ತಜ್ಞರು ಆಕ್ಯುಪೇಷನಲ್ ಥೆರಪಿಸ್ಟ್. ಆದರೆ ಅವರೊಬ್ಬರೇ ಸಾಲದು.
• ಅವರ ಸಲಹೆ ತರಗತಿಯೊಳಗೆ ಬಂದು, ಶಿಕ್ಷಕರ ಕೈಯಲ್ಲಿ ದಿನನಿತ್ಯದ ಅಭ್ಯಾಸವಾದಾಗ ಮಗುವಿಗೆ ಹೆಚ್ಚು ಉಪಯೋಗ.
• ಥೆರಪಿಸ್ಟ್ ಹತ್ತಿರ ಇಲ್ಲದ ಊರಲ್ಲೂ ಇದನ್ನು ಶುರು ಮಾಡಬಹುದು.

ಒಂದು ತರಗತಿಯನ್ನು ಊಹಿಸಿಕೊಳ್ಳಿ

ಬೀದರ್ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ಹೋಬಳಿಯ ಒಂದು ಶಾಲೆ ಎಂದುಕೊಳ್ಳಿ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ. ಬಾಯಿಲೆಕ್ಕ ಕೇಳಿದರೆ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಾನೆ. ಕಪ್ಪುಹಲಗೆ ನೋಡಿ ಬರೆದುಕೊಳ್ಳಿ ಎಂದರೆ ಮೂರು ಸಾಲು ಮುಗಿಯುವಷ್ಟರಲ್ಲಿ ಉಳಿದವರದು ಪುಟ ಮುಗಿದಿರುತ್ತದೆ. ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿದಿರುತ್ತದೆ. ಊಟದ ಹೊತ್ತಿಗೆ ಅನ್ನ, ಸಾರು ಅಂಗಿಯ ಮೇಲೆ ಚೆಲ್ಲಿರುತ್ತದೆ. ಆಟದಲ್ಲಿ ಯಾರೂ ಅವನನ್ನು ತಮ್ಮ ಕಡೆಗೆ ಸೇರಿಸಿಕೊಳ್ಳುವುದಿಲ್ಲ, ಏಕೆಂದರೆ ಚೆಂಡು ಕೈಗೆ ಸಿಗುವುದೇ ಇಲ್ಲ.

ಮಾಸ್ತರು "ಬುದ್ಧಿ ಇದೆ, ಮೈಬಗ್ಗಿಸೋದಿಲ್ಲ" ಅನ್ನುತ್ತಾರೆ. ಮನೆಯಲ್ಲೂ ಅದೇ ಮಾತು. ಎರಡು ವರ್ಷ ಇದನ್ನೇ ಕೇಳಿದ ಹುಡುಗ "ನನಗೆ ಬರೋದಿಲ್ಲ" ಎಂದು ತಾನೇ ಹೇಳತೊಡಗುತ್ತಾನೆ. ಹೊಟ್ಟೆನೋವು ಎಂದು ಶಾಲೆ ತಪ್ಪಿಸುತ್ತಾನೆ. ಅಕ್ಷರ ವಕ್ರವಾಗಿರುವುದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಅದೇ ಕಾರಣಕ್ಕೆ ಕಲಿಯಬಲ್ಲ ಮಗು ಶಾಲೆಯಿಂದ ದೂರ ಸರಿದರೆ ಆ ನಷ್ಟವನ್ನು ತುಂಬಿಕೊಡಲು ಆಗುವುದಿಲ್ಲ.

ಆಕ್ಯುಪೇಷನಲ್ ಥೆರಪಿ ಅಂದರೆ ನೌಕರಿ ತರಬೇತಿಯೇ?

ಅಲ್ಲ. ಆಕ್ಯುಪೇಷನ್ ಎಂದರೆ ಉದ್ಯೋಗ ಎಂದು ಅರ್ಥ ಮಾಡಿಕೊಂಡು ಹಲವರು ಗೊಂದಲಕ್ಕೆ ಬೀಳುತ್ತಾರೆ. ಇಲ್ಲಿ ಅದರ ಅರ್ಥ ಮನುಷ್ಯ ದಿನವಿಡೀ ಮಾಡುವ ಕೆಲಸಗಳು. ಬಸವಕಲ್ಯಾಣದ ನೆಲದವರಿಗೆ ಇದನ್ನು ವಿವರಿಸುವುದು ಸುಲಭ: ಕಾಯಕ. ಮಗುವಿನ ಕಾಯಕ ಯಾವುದು? ಆಡುವುದು, ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ತರಗತಿಯಲ್ಲಿ ಕೂತು ಕಲಿಯುವುದು, ಬರೆಯುವುದು. ಇವುಗಳಲ್ಲಿ ಯಾವುದು ಮಗುವಿಗೆ ಆಗುತ್ತಿಲ್ಲ, ಏಕೆ ಆಗುತ್ತಿಲ್ಲ ಎಂದು ಕಂಡುಹಿಡಿದು, ಆಗುವಂತೆ ಮಾಡುವುದೇ ಈ ಥೆರಪಿಸ್ಟ್‌ಗಳ ಕೆಲಸ.

ಫಿಸಿಯೋಥೆರಪಿಗೂ ಇದಕ್ಕೂ ಹೋಲಿಕೆ ಇದೆ, ಆದರೆ ಒತ್ತು ಬೇರೆ. ಫಿಸಿಯೋಥೆರಪಿಸ್ಟ್ ಕೈಯ ಸ್ನಾಯು, ಕೀಲುಗಳ ಶಕ್ತಿ ಮತ್ತು ಚಲನೆಯ ಕಡೆ ಹೆಚ್ಚು ಗಮನ ಕೊಡುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ "ಆ ಕೈಯಿಂದ ರೊಟ್ಟಿ ಮುರಿಯಲು ಆಗುತ್ತದೆಯೇ?" ಎಂದು ಕೇಳುತ್ತಾರೆ. ಆಗದಿದ್ದರೆ ಕೈಗೆ ಅಭ್ಯಾಸ ಕೊಡುತ್ತಾರೆ, ಇಲ್ಲವೇ ತಟ್ಟೆ, ಚಮಚ, ಕೂರುವ ರೀತಿಯನ್ನೇ ಬದಲಿಸುತ್ತಾರೆ.

ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. 1950ರಲ್ಲೇ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಇದರ ಶಾಲೆ ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಮಟ್ಟದ ಥೆರಪಿಸ್ಟ್‌ಗಳ ಸಂಘ ಹುಟ್ಟಿತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಆರೋಗ್ಯ ಸಂಬಂಧಿ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲೂ ಈ ವೃತ್ತಿ ಇದೆ. ಹಾಗಾಗಿ ಯಾರಾದರೂ ಥೆರಪಿಸ್ಟ್ ಎಂದು ಬೋರ್ಡು ಹಾಕಿದ್ದರೆ "ನಿಮ್ಮ ಪದವಿ ಯಾವುದು, ಎಲ್ಲಿ ಓದಿದಿರಿ?" ಎಂದು ಕೇಳುವ ಹಕ್ಕು ನಿಮಗಿದೆ.

ಬರೆಯುವುದು ಅಷ್ಟು ಸುಲಭವಲ್ಲ

ದೊಡ್ಡವರಿಗೆ ಬರೆಯುವುದು ಉಸಿರಾಡಿದಷ್ಟು ಸಲೀಸು. ಮಗುವಿಗೆ ಹಾಗಲ್ಲ. ಬೆನ್ನು ನೆಟ್ಟಗಿರಬೇಕು, ಭುಜ ಅಲುಗಬಾರದು, ಬೆರಳು ಮಾತ್ರ ಆಡಬೇಕು. ಕಣ್ಣು ಹಲಗೆಯ ಅಕ್ಷರ ನೋಡಬೇಕು, ಮನಸ್ಸು ಅದನ್ನು ನೆನಪಿಟ್ಟುಕೊಳ್ಳಬೇಕು, ಮತ್ತೆ ಕಣ್ಣು ಹಾಳೆಯ ಸರಿಯಾದ ಸಾಲಿಗೆ ಮರಳಬೇಕು. ಎಡಗೈ ಹಾಳೆಯನ್ನು ಹಿಡಿದಿರಬೇಕು. ಇದರಲ್ಲಿ ಒಂದು ಕೊಂಡಿ ಸಡಿಲವಾದರೂ ಅಕ್ಷರ ಕೆಡುತ್ತದೆ.

ಕನ್ನಡದ ಲಿಪಿ ಇನ್ನಷ್ಟು ಕೇಳುತ್ತದೆ. ನಮ್ಮ ಅಕ್ಷರಗಳು ಗುಂಡಗೆ, ಸುತ್ತು ಹೆಚ್ಚು. ಗುಣಿತದ ಚಿಹ್ನೆಗಳು ಮೇಲೆ, ಪಕ್ಕದಲ್ಲಿ ಬರುತ್ತವೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. 'ಕೊಹಿನೂರ' ಎಂದು ಬರೆಯುವಾಗ ನಿಮ್ಮ ಕೈ ಎಷ್ಟು ಸಲ ತಿರುಗುತ್ತದೆ ಎಂದು ಒಮ್ಮೆ ನಿಧಾನವಾಗಿ ಬರೆದು ನೋಡಿ.

ಗಡಿ ಭಾಗದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಬೀದರ್ ಜಿಲ್ಲೆಯ ಮಕ್ಕಳ ಮನೆಮಾತು ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಹೀಗೆ ಯಾವುದಾದರೂ ಇರಬಹುದು. ಮರಾಠಿಯ ಅಕ್ಷರಗಳು ಮೇಲಿನ ಗೆರೆಯಿಂದ ನೇತಾಡುತ್ತವೆ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ಒಂದು ಲಿಪಿಯಿಂದ ಇನ್ನೊಂದಕ್ಕೆ ಬಂದ ಮಗು ಕೆಲಕಾಲ ತಡವರಿಸುವುದು ಸಹಜ, ಅದು ನ್ಯೂನತೆಯಲ್ಲ. ಈ ವ್ಯತ್ಯಾಸವನ್ನು ಗುರುತಿಸಬಲ್ಲವರು ಆ ಮಗುವನ್ನು ದಿನವೂ ನೋಡುವ ಶಿಕ್ಷಕರೇ ಹೊರತು ಒಮ್ಮೆ ನೋಡುವ ತಜ್ಞರಲ್ಲ. ಮಗುವಿನ ಮನೆಮಾತಿನಲ್ಲಿ ಕೇಳಿದಾಗಲೂ, ಬರವಣಿಗೆ ಬಿಟ್ಟು ಬೇರೆ ಕೆಲಸಗಳಲ್ಲೂ ತೊಂದರೆ ಕಂಡರೆ ಆಗ ಯೋಚಿಸಬೇಕು.

1992ರಲ್ಲಿ ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಶಾಲಾ ದಿನದ ಶೇ 31ರಿಂದ 60ರಷ್ಟು ಸಮಯ ಬೆರಳು-ಕೈಗಳ ಸೂಕ್ಷ್ಮ ಕೆಲಸದಲ್ಲೇ ಕಳೆಯುತ್ತದೆ ಎಂದು ಕಂಡುಬಂತು. ಅದರಲ್ಲಿ ಹೆಚ್ಚಿನದು ಬರವಣಿಗೆ. ಕೈ ಹೇಳಿದಂತೆ ಕೇಳದ ಮಗುವಿಗೆ ಶಾಲಾ ದಿನ ಎಷ್ಟು ಉದ್ದ ಎಂದು ಇದರಿಂದ ಊಹಿಸಬಹುದು.

ಕೈಕಾಲುಗಳ ಹೊಂದಾಣಿಕೆ ವಯಸ್ಸಿಗೆ ತಕ್ಕಂತೆ ಬೆಳೆಯದ ಸ್ಥಿತಿಗೆ ವೈದ್ಯಕೀಯದಲ್ಲಿ ಡಿಸಿಡಿ ಎಂಬ ಹೆಸರಿದೆ. ಡಿಸ್‌ಪ್ರಾಕ್ಸಿಯಾ ಎಂದೂ ಕರೆಯುತ್ತಾರೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ ಎಂಬುದು ಅಂದಾಜು. ಅಂದರೆ 30 ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರು. ನಾವು ಊಹಿಸಿಕೊಂಡ ಹುಡುಗ ಅಪರೂಪದವನಲ್ಲ.

800 ಗಂಟೆ ಮತ್ತು 12 ಗಂಟೆ

ಈಗ ಒಂದು ಸಣ್ಣ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಕೊಹಿನೂರ ಕಡೆಯ ಒಂದು ಕುಟುಂಬ ಕೂಲಿ ಬಿಟ್ಟು, ಬಸ್ಸು ಹತ್ತಿ, ತಿಂಗಳಿಗೊಮ್ಮೆ ಬೀದರ್‌ಗೋ ಕಲಬುರಗಿಗೋ ಹೋಗಿ ಒಂದು ಗಂಟೆ ಥೆರಪಿ ಕೊಡಿಸಿತು ಎನ್ನಿ. ವರ್ಷಕ್ಕೆ 12 ಗಂಟೆ. ಆ 12 ಗಂಟೆಯಲ್ಲಿ ಕಲಿತದ್ದು ಉಳಿದ 800 ಗಂಟೆಗೆ ಬಾರದಿದ್ದರೆ ಬಸ್ ಚಾರ್ಜ್ ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಥೆರಪಿಸ್ಟ್‌ಗೆ ದೇಹ, ಕೈ, ಕಣ್ಣು ಹೇಗೆ ಒಟ್ಟಿಗೆ ಕೆಲಸ ಮಾಡುತ್ತವೆ ಎಂದು ಗೊತ್ತು. ಆದರೆ ಆ ತರಗತಿಯಲ್ಲಿ ಬೆಂಚಿದೆಯೋ ಚಾಪೆಯೋ, ಬೆಳಕು ಯಾವ ಕಡೆಯಿಂದ ಬರುತ್ತದೆ, ಒಬ್ಬ ಶಿಕ್ಷಕರು ಎಷ್ಟು ಮಕ್ಕಳನ್ನು ನೋಡಬೇಕು ಎಂದು ಗೊತ್ತಿಲ್ಲ. ಶಿಕ್ಷಕರಿಗೆ ಇದೆಲ್ಲ ಗೊತ್ತು. ಆದರೆ ಮಗು ಕುರ್ಚಿಯಿಂದ ಪದೇಪದೇ ಜಾರುವುದು ತುಂಟತನವೋ, ಬೆನ್ನಿನ ಸ್ನಾಯು ದಣಿದದ್ದೋ ಎಂದು ಗೊತ್ತಾಗುವುದಿಲ್ಲ. ಇಬ್ಬರ ಅರ್ಧ ಅರ್ಧ ಸೇರಿದರೆ ಮಾತ್ರ ಪೂರ್ಣ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇದನ್ನೇ ವ್ಯವಸ್ಥಿತವಾಗಿ ಮಾಡಿದರು. ಅಲ್ಲಿ ಡಿಸಿಡಿ ಮಕ್ಕಳು ಥೆರಪಿಗಾಗಿ ಉದ್ದನೆಯ ಸರದಿಯಲ್ಲಿ ಕಾಯಬೇಕಿತ್ತು. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 'ಪಾರ್ಟ್‌ನರಿಂಗ್ ಫಾರ್ ಚೇಂಜ್' ಎಂಬ ಮಾದರಿ ರೂಪಿಸಿದರು. ಮಗುವನ್ನು ಬೇರೆ ಕೋಣೆಗೆ ಕರೆದೊಯ್ಯುವ ಬದಲು ಥೆರಪಿಸ್ಟ್ ವಾರಕ್ಕೆ ಒಂದು ದಿನ ಶಾಲೆಯಲ್ಲೇ ಇದ್ದು, ತರಗತಿಯೊಳಗೆ ಗಮನಿಸಿ, ಶಿಕ್ಷಕರೊಂದಿಗೆ ಉಪಾಯ ಹುಡುಕುತ್ತಾರೆ. ಮೊದಲು ಇಡೀ ತರಗತಿಗೆ ಅನುಕೂಲವಾಗುವ ಬದಲಾವಣೆ, ಸಾಲದವರಿಗೆ ಸ್ವಲ್ಪ ಹೆಚ್ಚಿನ ನೆರವು, ಅದೂ ಸಾಲದ ಮಗುವಿಗೆ ಪ್ರತ್ಯೇಕ ವ್ಯವಸ್ಥೆ. ಸರ್ಟಿಫಿಕೇಟ್ ಬರುವವರೆಗೆ ಕಾಯಬೇಕಿಲ್ಲ.

ನಮ್ಮಲ್ಲಿ ವಾರಕ್ಕೊಮ್ಮೆ ಬರುವ ಥೆರಪಿಸ್ಟ್ ಇಲ್ಲ, ನಿಜ. ಆದರೆ ಇಡೀ ತರಗತಿಯಿಂದ ಶುರು ಮಾಡುವುದು, ಕಾಯದೆ ಶುರು ಮಾಡುವುದು, ಈ ಎರಡಕ್ಕೂ ದುಡ್ಡು ಬೇಕಿಲ್ಲ. ರಾಜ್ಯದ 1ರಿಂದ 3ನೇ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪಿನಲ್ಲಿ ಕೂರುವುದು, ಎದ್ದು ಕಾರ್ಡು ತರುವುದು, ತಮ್ಮ ವೇಗದಲ್ಲಿ ಕಲಿಯುವುದು ಈಗಾಗಲೇ ಇದೆ.

ತರಗತಿಯಲ್ಲಿ ಏನು ಬದಲಿಸಬಹುದು?

ಕೂರುವುದು: ಬೆಂಚಿನ ಮೇಲೆ ಕೂತ ಮಗುವಿನ ಕಾಲು ನೆಲಕ್ಕೆ ತಾಗದಿದ್ದರೆ ಬೆರಳಿಗೆ ಹಿಡಿತ ಸಿಗುವುದು ಕಷ್ಟ. ಕಾಲಿನ ಕೆಳಗೆ ಒಂದು ಹಲಗೆ ಅಥವಾ ಇಟ್ಟಿಗೆ ಸಾಕು. ನೆಲದ ಮೇಲೆ ಕೂರುವವರಿಗೆ ತೊಡೆಯ ಮೇಲೆ ಪುಸ್ತಕ ಇಟ್ಟು ಬರೆಯುವ ಬದಲು ಗಿಡ್ಡ ಡೆಸ್ಕ್ ಒಳ್ಳೆಯದು.

ಹಿಡಿಯುವುದು: ಪೆನ್ಸಿಲ್ ತೆಳ್ಳಗಿದ್ದು ಜಾರುತ್ತಿದ್ದರೆ ರಬ್ಬರ್ ಬ್ಯಾಂಡ್ ಅಥವಾ ಬಟ್ಟೆ ಸುತ್ತಿ ದಪ್ಪ ಮಾಡಿ. ಚಿಕ್ಕ ಮಕ್ಕಳಿಗೆ ಬಳಪದ ತುಂಡು ಕೊಟ್ಟು ಗೋಡೆಯ ಹಲಗೆಯ ಮೇಲೆ ದೊಡ್ಡದಾಗಿ ಬರೆಸಿ.

ನಕಲು ಮಾಡುವುದು: ಹಲಗೆ ನೋಡಿ ಬರೆಯಲು ಆಗದ ಮಗುವಿಗೆ ಅದೇ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಿ. ಅಗಲ ಸಾಲಿನ ಹಾಳೆ ಕೊಟ್ಟರೆ ಒತ್ತಕ್ಷರಕ್ಕೆ ಜಾಗ ಸಿಗುತ್ತದೆ.

ಪ್ರಮಾಣ: ಹತ್ತು ಲೆಕ್ಕದ ಬದಲು ಐದು. ಲೆಕ್ಕ ಗೊತ್ತೇ ಎಂದು ತಿಳಿಯಲು ಐದೇ ಸಾಕು. ಇತಿಹಾಸದ ಉತ್ತರವನ್ನು ಬಾಯಲ್ಲಿ ಹೇಳಿಸಬಹುದು. ಅಕ್ಷರದ ಅಭ್ಯಾಸವನ್ನು ಬೇರೆ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಮಾಡಿಸಿ.

ಚಡಪಡಿಕೆ: ಕೂತಲ್ಲಿ ಕೂರದ ಮಗುವಿಗೆ ಪುಸ್ತಕ ಹಂಚುವ, ಹಲಗೆ ಒರೆಸುವ ಕೆಲಸ ಕೊಡಿ. ಗದ್ದಲಕ್ಕೆ ಬೆದರುವ ಮಗುವನ್ನು ಬಾಗಿಲ ಪಕ್ಕದಿಂದ ಗೋಡೆಯ ಪಕ್ಕಕ್ಕೆ ಕೂರಿಸಿ.

ಊಟ ಮತ್ತು ಶೌಚಾಲಯ: ಬಿಸಿಯೂಟದ ವೇಳೆ ಅಂಚು ಎತ್ತರದ ತಟ್ಟೆ, ಹಿಡಿ ದಪ್ಪಗಿನ ಚಮಚ. ಶೌಚಾಲಯದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರುವ ಮಗು ಶಾಲೆಯಲ್ಲಿ ಉಳಿಯುವುದೋ ಮನೆಗೆ ಮರಳುವುದೋ ಎಂಬುದನ್ನು ಹಲವು ಬಾರಿ ಪಾಠವಲ್ಲ, ಈ ಕಂಬಿಯೇ ತೀರ್ಮಾನಿಸುತ್ತದೆ.

ಇವು ಸಾಮಾನ್ಯ ಉಪಾಯಗಳು. ಯಾವ ಮಗುವಿಗೆ ಯಾವುದು ಎಂಬುದನ್ನು ಸರಿಯಾಗಿ ಹೇಳಬಲ್ಲವರು ಥೆರಪಿಸ್ಟ್. ಅದು ಕೆಲಸ ಮಾಡಿತೇ ಎಂದು ಹೇಳಬಲ್ಲವರು ಶಿಕ್ಷಕರು.

ನಂಬಿಕೆ ಮತ್ತು ನಿಜ

ನಂಬಿಕೆ: ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸಬೇಕು.
ನಿಜ: ಬೇಡ. ಎಡಗೈ ಬಳಕೆ ರೋಗವಲ್ಲ. ಹಾಳೆಯ ಮೇಲ್ಭಾಗವನ್ನು ಸ್ವಲ್ಪ ಬಲಕ್ಕೆ ವಾಲಿಸಿ, ಬೆಂಚಿನ ಎಡ ತುದಿಯಲ್ಲಿ ಕೂರಿಸಿದರೆ ಸಾಕು, ಪಕ್ಕದವರ ಮೊಣಕೈ ತಾಗುವುದಿಲ್ಲ. ಆದರೆ ಒಂದು ವರ್ಷ ತುಂಬುವ ಮೊದಲೇ ಕೂಸು ಒಂದೇ ಕೈ ಬಳಸಿ ಇನ್ನೊಂದನ್ನು ಬಳಸದಿದ್ದರೆ ವೈದ್ಯರಿಗೆ ತೋರಿಸಿ. ಆ ಇನ್ನೊಂದು ಕೈಯಲ್ಲಿ ದೌರ್ಬಲ್ಯ ಇರಬಹುದು.

ನಂಬಿಕೆ: ಪೆನ್ಸಿಲ್ ಹಿಡಿಯಲು ಒಂದೇ ಸರಿಯಾದ ರೀತಿ ಇದೆ.
ನಿಜ: ಸಾಮಾನ್ಯವಾಗಿ ಕಾಣುವ ನಾಲ್ಕು ಹಿಡಿತಗಳನ್ನು ಹೋಲಿಸಿದ ಅಧ್ಯಯನದಲ್ಲಿ ಬರವಣಿಗೆಯ ವೇಗ, ಸ್ಪಷ್ಟತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೈ ನೋಯದೆ, ಓದಬಹುದಾದಂತೆ ಬರೆಯುತ್ತಿದ್ದರೆ ಹಿಡಿತವನ್ನು ಬಿಟ್ಟುಬಿಡಿ.

ನಂಬಿಕೆ: ಬೆರಳಿನ ವ್ಯಾಯಾಮ, ಮಣಿ ಪೋಣಿಸುವುದು ಮಾಡಿಸಿದರೆ ಅಕ್ಷರ ತಾನೇ ಸುಧಾರಿಸುತ್ತದೆ.
ನಿಜ: 2011ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಅಧ್ಯಯನ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಬರೆಯುವ ಅಭ್ಯಾಸವೇ ಇಲ್ಲದ ಚಿಕಿತ್ಸೆಗಳಾಗಲೀ, 20ಕ್ಕಿಂತ ಕಡಿಮೆ ಬಾರಿ ಅಭ್ಯಾಸ ಮಾಡಿಸಿದವಾಗಲೀ ಫಲ ಕೊಟ್ಟಿರಲಿಲ್ಲ. ಬರೆಯುವುದನ್ನು ಬರೆದೇ ಕಲಿಯಬೇಕು. ತಿಂಗಳಿಗೊಮ್ಮೆ ನೋಡುವ ಥೆರಪಿಸ್ಟ್ 20 ಬಾರಿ ಮಾಡಿಸುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿರುತ್ತದೆ, ಶಿಕ್ಷಕರು ಒಂದು ತಿಂಗಳಲ್ಲಿ ಮುಗಿಸುತ್ತಾರೆ.

ನಂಬಿಕೆ: ಹಾಗಾದರೆ ದಿನಾ ಹತ್ತು ಪುಟ ಬರೆಸುವುದು ಸರಿಯಲ್ಲವೇ?
ನಿಜ: ಅಲ್ಲ. ದಣಿದ ಕೈ ತಪ್ಪನ್ನೇ ಅಭ್ಯಾಸ ಮಾಡುತ್ತದೆ. ಚಿಕ್ಕ ಅವಧಿ, ಒಂದೆರಡು ಅಕ್ಷರ, ಎಲ್ಲಿ ಸರಿಯಾಯಿತು ಎಂದು ತಕ್ಷಣ ತೋರಿಸುವುದು, ಇದು ಅಭ್ಯಾಸ. ಇನ್ನು ಹೊಡೆಯುವುದು: ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ನಂಬಿಕೆ: ಜೋಕಾಲಿ, ಬ್ರಷ್ ಉಜ್ಜುವುದು, ಭಾರದ ಜಾಕೆಟ್ ಹಾಕುವುದು ಎಲ್ಲವನ್ನೂ ಗುಣಪಡಿಸುತ್ತವೆ.
ನಿಜ: ಇಂಥ ಸಂವೇದನಾ ಚಿಕಿತ್ಸೆಗಳ ಬಗ್ಗೆ ಪುರಾವೆ ಸೀಮಿತ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಎಚ್ಚರಿಸಿತು. ಒಳ್ಳೆಯ ಥೆರಪಿಸ್ಟ್ "ಇಷ್ಟು ವಾರಗಳಲ್ಲಿ ಇಂಥ ಕೆಲಸ ಆಗಬೇಕು" ಎಂಬ ಗುರಿ ಹೇಳುತ್ತಾರೆ, ಆಗದಿದ್ದರೆ ದಾರಿ ಬದಲಿಸುತ್ತಾರೆ. ಗ್ಯಾರಂಟಿ ಎನ್ನುವವರಿಂದ ದೂರವಿರಿ.

ನಂಬಿಕೆ: ಒಂದು ಮಗುವಿಗೆ ವಿನಾಯಿತಿ ಕೊಟ್ಟರೆ ಉಳಿದವರಿಗೆ ಅನ್ಯಾಯ.
ನಿಜ: ಕನ್ನಡಕ ಹಾಕಿದ ಮಗುವಿಗೆ ಯಾರೂ ಹೀಗೆ ಹೇಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸುವುದನ್ನು ಶಾಲೆಗಳ ಕರ್ತವ್ಯವಾಗಿಸಿದೆ. ಆ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು, ಅದರ ವಿವರಣೆಯಲ್ಲಿ ಡಿಸ್‌ಗ್ರಾಫಿಯಾ ಮತ್ತು ಡಿಸ್‌ಪ್ರಾಕ್ಸಿಯಾ ಹೆಸರು ಹೇಳಿಯೇ ಇವೆ.

ಕೊಹಿನೂರದಂಥ ಊರಿನವರು ಎಲ್ಲಿಂದ ಶುರು ಮಾಡಬೇಕು?

1. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಹಲಗೆ ಕಾಣದಿದ್ದರೂ ಅಕ್ಷರ ಕೆಡುತ್ತದೆ. ರಕ್ತಹೀನತೆ ಇದ್ದರೆ ಮಗು ಬೇಗ ದಣಿಯುತ್ತದೆ, ಅದನ್ನೂ ನೋಡಿಸಿ.

2. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಮ್ಮೆ ಭೇಟಿ ನೀಡಬೇಕು. 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಿ, ಬೆಳವಣಿಗೆಯ ತೊಂದರೆ ಇರುವವರನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸುವುದು ಅವರ ಕೆಲಸ. ತಂಡ ಬರುವ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳಿಸಿ, ತೊಂದರೆಯನ್ನು ಬಾಯಿಬಿಟ್ಟು ಹೇಳಿ. ಗದ್ದಲದಲ್ಲಿ ಬರವಣಿಗೆಯ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

3. ಪ್ರತಿ ತಾಲ್ಲೂಕಿನಲ್ಲೂ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ ಇರುತ್ತದೆ. ಕೊಹಿನೂರದವರಿಗೆ ಅದು ಬಸವಕಲ್ಯಾಣ, ಪಕ್ಕದ ಹುಮನಾಬಾದ್ ತಾಲ್ಲೂಕಿನವರಿಗೆ ಹುಮನಾಬಾದ್. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ, ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರನ್ನು ಅಲ್ಲಿ ಕೇಳಿ. ವೈದ್ಯಕೀಯ ಮೌಲ್ಯಾಂಕನ ಶಿಬಿರ ಯಾವಾಗ ಎಂದು ವಿಚಾರಿಸಿ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವೂ ಇದೆ.

4. ಶಿಕ್ಷಕರಿಗೆ ಎನ್‌ಸಿಇಆರ್‌ಟಿಯ 'ಪ್ರಶಸ್ತ್' ಎಂಬ ಮೊಬೈಲ್ ಆ್ಯಪ್ ಇದೆ. ಮಗುವಿನ ನಡವಳಿಕೆ ಗಮನಿಸಿ ಪ್ರಶ್ನೆಗಳಿಗೆ ಉತ್ತರಿಸಿದರೆ ಮುಂದಿನ ಪರೀಕ್ಷೆ ಬೇಕೇ ಎಂದು ತಿಳಿಯುತ್ತದೆ. ಅದು ರೋಗನಿರ್ಣಯವಲ್ಲ, ಮೊದಲ ಸೋಸುವಿಕೆ ಅಷ್ಟೇ.

5. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಅರ್ಹ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರ ಸೌಲಭ್ಯ ಸಿಗುತ್ತದೆ. ಅದಕ್ಕೆ ದಾಖಲೆ ಬೇಕು. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡುವ ಬದಲು ಮೊದಲೇ ಶುರು ಮಾಡಿ.

ತಡಮಾಡದೆ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು: ಮೊದಲು ಬರುತ್ತಿದ್ದ ಕೆಲಸ ಈಗ ಬಾರದಿರುವುದು, ಪದೇಪದೇ ಬೀಳುವುದು, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏಳುವುದು, ಒಂದು ಬದಿಯ ಕೈಕಾಲು ಸೋಲುವುದು, ಮೂರ್ಛೆ.

ಒಂದು ಹಾಳೆ ಸಾಕು

ಥೆರಪಿಸ್ಟ್ ಬೀದರ್‌ನಲ್ಲಿ, ಶಿಕ್ಷಕರು ಕೊಹಿನೂರದಲ್ಲಿ. ಇಬ್ಬರೂ ಎಂದೂ ಭೇಟಿಯಾಗದಿರಬಹುದು. ಅವರ ನಡುವೆ ಪಾಲಕರು ಒಂದು ಹಾಳೆ ಒಯ್ಯಬಹುದು.

ಹೋಗುವ ಮುನ್ನ ಶಿಕ್ಷಕರಿಂದ ಎರಡು ಉತ್ತರ ಬರೆಸಿಕೊಳ್ಳಿ: ತರಗತಿಯಲ್ಲಿ ಈ ಮಗುವಿಗೆ ಆಗದ ಒಂದು ಕೆಲಸ ಯಾವುದು? ಈ ಮಗು ಚೆನ್ನಾಗಿ ಮಾಡುವ ಒಂದು ಕೆಲಸ ಯಾವುದು? ಜೊತೆಗೆ ನೋಟ್‌ಬುಕ್ ಒಯ್ಯಿರಿ. ಕೂರುವ ಜಾಗದ ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ಬರುವಾಗ ಥೆರಪಿಸ್ಟ್‌ರಿಂದ ಎರಡು ಉತ್ತರ ತನ್ನಿ: ತರಗತಿಯಲ್ಲಿ ಯಾವ ಒಂದು ಬದಲಾವಣೆ ಮಾಡಬೇಕು? ಎಷ್ಟು ವಾರಗಳ ನಂತರ ಏನು ನೋಡಬೇಕು? ಕನ್ನಡದಲ್ಲೇ ಬರೆಸಿಕೊಳ್ಳಿ, ಒಂದೇ ಬದಲಾವಣೆ ಕೇಳಿ. ಇಪ್ಪತ್ತು ಸಲಹೆಗಳ ಪಟ್ಟಿ ಮಾಸ್ತರರ ಮೇಜಿನ ಖಾನೆ ಸೇರುತ್ತದೆ, ಒಂದೇ ಸಲಹೆ ತರಗತಿಗೆ ಇಳಿಯುತ್ತದೆ. ಮುಂದಿನ ಭೇಟಿಗೆ ಅದೇ ಹಾಳೆಯ ಹಿಂಬದಿಯಲ್ಲಿ ಶಿಕ್ಷಕರು "ಆಯಿತು" ಅಥವಾ "ಆಗಲಿಲ್ಲ" ಎಂದು ಬರೆದರೆ ಥೆರಪಿಸ್ಟ್‌ಗೆ ಮುಂದಿನ ದಾರಿ ಗೊತ್ತಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಮಗುವಿನ ವಕ್ರ ಅಕ್ಷರದ ಫೋಟೊವನ್ನು ಗುಂಪಿನಲ್ಲಿ ಹಾಕಿ ನಗುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಆ ಮಗುವಿನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. "30 ದಿನದಲ್ಲಿ ಗ್ಯಾರಂಟಿ" ಎಂಬುದು ಬಂದರೆ ಪದವಿ ಏನು, ಗುರಿ ಏನು ಎಂದು ಗುಂಪಿನಲ್ಲೇ ಕೇಳಿ. ನಿಮ್ಮ ಮಗುವಿನ ತರಗತಿಯಲ್ಲಿ ನಾವು ಊಹಿಸಿಕೊಂಡಂಥ ಹುಡುಗನೋ ಹುಡುಗಿಯೋ ಇದ್ದರೆ ಅವರ ಪಾಲಕರಿಗೆ, ಶಿಕ್ಷಕರಿಗೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಖಾಸಗಿಯಾಗಿ ಕಳಿಸಿಕೊಡಿ. ಮುಂದಿನ ಸಲ ಬೀದರ್‌ಗೆ ಹೋಗುವಾಗ ಆ ಹಾಳೆ ಅವರ ಕೈಯಲ್ಲಿರಲಿ.